ಗಾಳಿ ಹೋಯ್ತಾ ಅಜ್ಜಿ?

ಹೊಟ್ಟೆಯ ಸರ್ಜನ್ ಆದ ನನಗೆ ಈ ಅಂಕಣಕ್ಕೆ ಪ್ರತಿ ತಿಂಗಳು ಬರುವ ಪತ್ರಗಳಲ್ಲಿ ಇರುವುದು ಗ್ಯಾಸ್, ಮೂಲವ್ಯಾಧಿ, ಪಿತ್ತಕೋಶದ ಕಲ್ಲು. ಈ ಸಲದ ಪತ್ರಗಳೇ ಬೇರೆ. ಹೋದ ಸಂಚಿಕೆಯಲ್ಲಿ ಮಾತಿನ ನಡುವೆ "ಒಟಿ (ಆಪರೇಶನ್ ಥಿಯೇಟರ್) ಮುಗಿಸಿ ಬಂದು ರಾತ್ರಿ ಪೇಪರ್ ಬರೆಯಲು ಕೂತೆ" ಎಂದು ಒಂದು ಸಾಲು ಬರೆದಿದ್ದೆ. ಪೇಪರ್ ಎಂದರೆ ಸಂಶೋಧನೆಯ ವರದಿ. ಅದನ್ನೇ ಹಿಡಿದುಕೊಂಡು ಎಂತ ಪೇಪರ್, ಯಾರಿಗೆ ಬೇಕು, ಸರ್ಜನ್‌ಗೆ ಬೇರೆ ಕೆಲಸ ಇಲ್ವಾ ಎಂದು ಕೇಳಿದ್ದಾರೆ. ಸಂಪಾದಕರು "ಈ ಸಲ ಇದಕ್ಕೇ ಉತ್ತರಿಸಿ" ಎಂದರು. ಹೊಟ್ಟೆನೋವಿನವರು ಮುಂದಿನ ತಿಂಗಳವರೆಗೆ ಕಾಯಿರಿ. ಕಾಯಲು ಆಗದಷ್ಟು ನೋವಿದ್ದರೆ ಪತ್ರ ಬರೆಯುವುದಲ್ಲ, ಆಸ್ಪತ್ರೆಗೆ ಹೋಗುವುದು.

ಪ್ರಶ್ನೆ: ಮಗಳು ಸರ್ಜರಿಯಲ್ಲಿ ಎಂ.ಎಸ್. ಮುಗಿಸಿದ್ದಾಳೆ. ಊರಿನ ನರ್ಸಿಂಗ್ ಹೋಮ್‌ನವರು ಒಳ್ಳೆ ಸಂಬಳಕ್ಕೆ ಕರೆಯುತ್ತಿದ್ದಾರೆ. ಅವಳಿಗೆ ಮಾತ್ರ ಜಠರ, ಕರುಳಿನ ಸರ್ಜರಿಯಲ್ಲಿ ಎಂ.ಸಿಎಚ್. (ಎಂ.ಎಸ್. ನಂತರದ ಪದವಿ) ಮಾಡಿ, ಮೆಡಿಕಲ್ ಕಾಲೇಜಿನಲ್ಲೇ ಉಳಿದು ಸಂಶೋಧನೆ ಮಾಡಬೇಕಂತೆ. ಆಪರೇಶನ್ ಮಾಡುವ ಕೈಗೆ ಪೆನ್ನಿನ ಹುಚ್ಚು ಯಾಕೆ ಮೇಡಂ?
— ಒಬ್ಬ ತಂದೆ, ಕಾರ್ಕಳ

ಉತ್ತರ: ನಿಮ್ಮ ಸಿಟ್ಟು ನನಗೆ ಹೊಸದಲ್ಲ ಸಾರ್. ನನ್ನ ಅಪ್ಪ ಪುತ್ತೂರಿನ ಕಡೆಯ ಅಡಿಕೆ ಕೃಷಿಕರು. ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂ.ಎಸ್.ಗೆ 3, ಎಂ.ಸಿಎಚ್.ಗೆ ಇನ್ನೂ 3 ಎಂದು ನಾನು ಲೆಕ್ಕ ಹೇಳಿದಾಗ ಅವರು, "ಅಡಿಕೆ ಸಸಿಯಾದರೂ ಐದಾರು ವರ್ಷಕ್ಕೆ ಫಲ ಬಿಡುತ್ತದೆ, ನೀನು ಯಾವ ಜಾತಿಯ ಮರ ಮಾರಾಯ್ತಿ?" ಎಂದಿದ್ದರು.

ಪೆನ್ನು ಯಾಕೆ ಎನ್ನುವುದಕ್ಕೆ ಒಂದು ವಿಷಯ ಹೇಳುತ್ತೇನೆ. ಪ್ಯಾಂಕ್ರಿಯಾಸ್ ಎನ್ನುತ್ತೇವಲ್ಲ, ಮೇದೋಜೀರಕ ಗ್ರಂಥಿ, ಅದು ಕೆಲವರಿಗೆ ಜೋರಾಗಿ ಊದಿಕೊಂಡು ಒಂದು ಭಾಗ ಸತ್ತೇ ಹೋಗುತ್ತದೆ. ಸತ್ತ ಭಾಗ ಕೀವಾಗುತ್ತದೆ. ನಾನು ಕಲಿಯುವಾಗ ಇದಕ್ಕಿದ್ದದ್ದು ಒಂದೇ ದಾರಿ. ಹೊಟ್ಟೆ ತೆರೆಯುವುದು, ಸತ್ತದ್ದನ್ನು ಬೆರಳಲ್ಲಿ ಬಿಡಿಸಿ ಹೊರಗೆ ಹಾಕುವುದು. ನೆನೆದ ಮಣ್ಣಿನ ಹಾಗೆ ಕೈಗೆ ಬರುತ್ತಿತ್ತು. ಎರಡು ದಿನ ಬಿಟ್ಟು ಮತ್ತೆ ತೆರೆಯುವುದು, ಮತ್ತೆ ತೊಳೆಯುವುದು. ಎಷ್ಟೋ ಜನ ಐಸಿಯುನಿಂದ ಹೊರಗೆ ಬರಲೇ ಇಲ್ಲ. ರೋಗವೇ ಹಾಗೆ, ನಾವು ಮಾಡುವುದು ಸರಿಯೇ ಇದೆ ಎಂದುಕೊಂಡಿದ್ದೆವು. ನಮ್ಮ ಗುರುಗಳೂ ಹಾಗೇ ಅಂದುಕೊಂಡಿದ್ದರು.

2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಸರ್ಜನ್‌ಗಳ ಒಂದು ವರದಿ ಬಂತು. ಹಲವು ಆಸ್ಪತ್ರೆಗಳು ಸೇರಿ ಇಂತಹ 88 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ನೇರವಾಗಿ ಹೊಟ್ಟೆ ತೆರೆಯುವ ಆಪರೇಶನ್. ಇನ್ನೊಂದಕ್ಕೆ ಮೊದಲು ಟ್ಯೂಬ್ ಹಾಕಿ ಕೀವು ಇಳಿಸುವುದು, ಸಾಲದಿದ್ದರೆ ಮಾತ್ರ ಸಣ್ಣ ಗಾಯದ ಆಪರೇಶನ್. ಸಾವು ಅಥವಾ ದೊಡ್ಡ ತೊಂದರೆ ಮೊದಲ ಗುಂಪಿನಲ್ಲಿ ಶೇ. 69, ಎರಡನೆಯದರಲ್ಲಿ ಶೇ. 40. ಟ್ಯೂಬ್ ಗುಂಪಿನಲ್ಲಿ ಮೂವರಲ್ಲಿ ಒಬ್ಬರಿಗೆ ಟ್ಯೂಬಿನಲ್ಲೇ ಮುಗಿಯಿತು, ಆಪರೇಶನ್ನೇ ಬೇಕಾಗಲಿಲ್ಲ. ಸಾವು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ, ಅದನ್ನು ಮುಚ್ಚಿಡಬಾರದು. ಆದರೂ ಆ ಪೇಪರ್ ಓದಿದ ರಾತ್ರಿ ನನಗೆ ಹಳೆಯ ಮುಖಗಳು ಒಂದೊಂದಾಗಿ ನೆನಪಾದವು. ಎಷ್ಟು ಜನರ ಹೊಟ್ಟೆಯನ್ನು ಸುಮ್ನೆ ತೆರೆದೆವೋ!

ಕೈ ಚುರುಕಾದಷ್ಟೂ ತಪ್ಪು ದಾರಿಯಲ್ಲಿ ಚುರುಕಾಗಿ ಹೋಗುವ ಅಪಾಯ ಜಾಸ್ತಿ ಸಾರ್. ಯಾರೋ ಒಬ್ಬರು ಕೂತು ಎಣಿಸಬೇಕು. ನಿಮ್ಮ ಮಗಳಿಗೆ ಎಣಿಸುವ ಮನಸ್ಸು ಬಂದಿದ್ದರೆ ಇನ್ನು 3 ವರ್ಷ ಮನೆಯ ಖರ್ಚಿಗೆ ಅವಳನ್ನು ಕೇಳಬೇಡಿ. ಮದುವೆಯ ವಿಷಯವನ್ನು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದಕ್ಕೆ ಉತ್ತರ ಕೊಡುವ ಅಧಿಕಾರ ಅವಳಿಗೆ ಮಾತ್ರ.

ಪ್ರಶ್ನೆ: ಅಮ್ಮನ ಕರುಳಿನ ಆಪರೇಶನ್‌ಗೆ ಮಂಗಳೂರಿಗೆ ಹೋಗಿದ್ದೆವು. 4 ಪುಟದ ಒಂದು ಫಾರ್ಮ್ ಕೊಟ್ಟು "ಒಂದು ಅಧ್ಯಯನ ಉಂಟು, ಸೇರುತ್ತೀರಾ?" ಎಂದರು. ಹೆದರಿ ಬೇಡ ಎಂದೆವು. ಡಾಕ್ಟರಿಗೆ ಬೇಸರ ಆಗಿರಬಹುದಾ? ನಮ್ಮನ್ನು ಪ್ರಯೋಗದ ಇಲಿ ಮಾಡುತ್ತಾರಾ?
— ಹೆಸರು ಬೇಡ, ಮಂಜೇಶ್ವರ

ಉತ್ತರ: ಬೇಸರ ಆಗಿದ್ದರೂ ಅದು ಅವರ ಪಾಡು. ಬೇಡ ಎನ್ನುವುದು ನಿಮ್ಮ ಹಕ್ಕು. ಸೇರಿದ ಮೇಲೆ ನಡುವಿನಲ್ಲಿ ಬಿಟ್ಟು ಬರಬಹುದು, ಕಾರಣ ಹೇಳಬೇಕಾಗಿಲ್ಲ. ಅದರಿಂದ ಚಿಕಿತ್ಸೆಯಲ್ಲಿ ಒಂದು ಕೂದಲಿನಷ್ಟೂ ಕಡಿಮೆ ಆಗಬಾರದು.

ಇಲಿಯ ವಿಷಯ. ಯಾವ ಅಧ್ಯಯನವೂ ಡಾಕ್ಟರಿಗೆ ತೋಚಿದ ಹಾಗೆ ಶುರುವಾಗುವುದಿಲ್ಲ. ಮೊದಲು ರೋಗಿಗಳಿಗೆ ಅನ್ಯಾಯ ಆಗದ ಹಾಗೆ ನೋಡುವ ಎಥಿಕ್ಸ್ ಕಮಿಟಿ ಒಪ್ಪಬೇಕು. ಅದರ ಅಧ್ಯಕ್ಷರು ಆ ಸಂಸ್ಥೆಯವರಾಗಿರಬಾರದು. ಕಮಿಟಿಯಲ್ಲಿ ವಕೀಲರು ಇರಬೇಕು, ವೈದ್ಯಕೀಯ ಗೊತ್ತಿಲ್ಲದ ಸಾಮಾನ್ಯರೊಬ್ಬರೂ ಇರಬೇಕು. ಹೀಗೆ ಗುಂಪು ಮಾಡಿ ಚಿಕಿತ್ಸೆ ಹೋಲಿಸುವ ಅಧ್ಯಯನಗಳನ್ನು ದಾಖಲಿಸಲು 2007ರಿಂದ ದೇಶದಲ್ಲಿ ಸಿಟಿಆರ್‌ಐ ಎಂಬ ನೋಂದಣಿ ಪಟ್ಟಿ ಉಂಟು. ಅದು ಇಂಟರ್‌ನೆಟ್‌ನಲ್ಲಿದೆ, ಯಾರೂ ನೋಡಬಹುದು.

ಆ ಸಾಮಾನ್ಯರು ಸುಮ್ನೆ ಕೂರುವವರಲ್ಲ, ಹೇಳಿಬಿಡುತ್ತೇನೆ. ಒಮ್ಮೆ ನನ್ನ ಒಪ್ಪಿಗೆ ಪತ್ರದಲ್ಲಿ "ಯಾದೃಚ್ಛಿಕವಾಗಿ ಗುಂಪಿಗೆ ಸೇರಿಸಲಾಗುವುದು" ಎಂದು ಬರೆದಿದ್ದೆ. ಕಮಿಟಿಯಲ್ಲಿದ್ದ ನಿವೃತ್ತ ಕನ್ನಡ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಇದು ಯಾರಿಗೆ ಅರ್ಥ ಆಗುತ್ತದೆ ಡಾಕ್ಟ್ರೇ? ನನಗೇ ಆಗಲಿಲ್ಲ." ಕೆಂಪು ಪೆನ್ನಿನಲ್ಲಿ ಗೀಚಿ ಮೇಲೆ ಬರೆದರು, "ಚೀಟಿ ಎತ್ತಿದ ಹಾಗೆ". ಇಡೀ ಪುಟದಲ್ಲಿ ಜನರಿಗೆ ತಲುಪಿದ ಸಾಲು ಅದೊಂದೇ. ಆಮೇಲೆ ನನ್ನ ಎಲ್ಲ ಫಾರ್ಮ್‌ಗಳಲ್ಲೂ ಅದೇ ಇದೆ. ನಮ್ಮ ಕಡೆ ಫಾರ್ಮ್ ಕನ್ನಡದಲ್ಲಿದ್ದರೂ ಮಾತು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ನಡೆಯಬೇಕು. ನಿಮ್ಮ ಮಂಜೇಶ್ವರದವರಿಗೆ ಮಲಯಾಳದಲ್ಲೂ ಬೇಕಾಗುತ್ತದೆ. ನಿಮಗೆ ಯಾರೂ ಕೂತು ಹೇಳಲಿಲ್ಲ ಎಂದಾದರೆ ತಪ್ಪು ನಿಮ್ಮದಲ್ಲ.

ಇನ್ನು ಅಧ್ಯಯನ ಎಂದರೆ ಎಂತ ಇರುತ್ತದೆ? ಹೊಟ್ಟೆ ಆಪರೇಶನ್ ಆದ ಮೇಲೆ ಕರುಳು ಕೆಲವು ದಿನ ಮಲಗಿಬಿಡುತ್ತದೆ. ಎದ್ದ ಸೂಚನೆ ಎಂದರೆ ಗಾಳಿ ಹೋಗುವುದು. ನೀವು ನಗಬಹುದು, ಆದರೆ ನಮ್ಮ ವಾರ್ಡಿನಲ್ಲಿ ಬೆಳಿಗ್ಗೆ ಕೇಳುವ ಮೊದಲ ಪ್ರಶ್ನೆಯೇ ಅದು. "ಗಾಳಿ ಹೋಯ್ತಾ ಅಜ್ಜಿ?" ಉತ್ತರ ಭಾರತದಿಂದ ಬಂದ ಪಿಜಿ (ಎಂ.ಎಸ್. ಕಲಿಯುವ) ಹುಡುಗರು ಇಲ್ಲಿ ಕಲಿಯುವ ಮೊದಲ ತುಳು ವಾಕ್ಯವೂ ಅದೇ, "ಗಾಳಿ ಪೋಂಡಾ?" ಒಬ್ಬ ಹುಡುಗ ಕನ್ನಡದಲ್ಲಿ ತಪ್ಪಿ "ಗಾಳಿ ಬಂತಾ?" ಎಂದು ಕೇಳಿದ. ಅಜ್ಜಿ ಫ್ಯಾನ್ ತೋರಿಸಿ, "ಸಾಲದು ಮಗಾ, ಇನ್ನೂ ಸ್ವಲ್ಪ ಜೋರು ಮಾಡು" ಎಂದರು.

2002ರಲ್ಲಿ ಜಪಾನಿನವರು ಒಂದು ಕುತೂಹಲದ ಪೇಪರ್ ಬರೆದರು. ದೊಡ್ಡ ಕರುಳಿನ ಆಪರೇಶನ್ ಆದವರಿಗೆ ಚೂಯಿಂಗ್ ಗಮ್ ಕೊಟ್ಟರೆ ಗಾಳಿ ಸುಮಾರು ಒಂದು ದಿನ ಮೊದಲೇ ಹೋಯಿತು ಎಂದು. ಬಾಯಿ ಜಗಿದರೆ ಊಟ ಬರುತ್ತಿದೆ ಎಂದು ಕರುಳು ಮೋಸ ಹೋಗುತ್ತದಂತೆ. ಅದರಲ್ಲಿ ಇದ್ದದ್ದು 19 ರೋಗಿಗಳು ಮಾತ್ರ. ಆಪರೇಶನ್ ಆದ ಕೂಡಲೇ ಊಟ ಶುರುಮಾಡುವ ಪದ್ಧತಿ ಬಂದ ಮೇಲೆ ದೊಡ್ಡ ಅಧ್ಯಯನಗಳಲ್ಲಿ ಆ ಲಾಭ ಅಷ್ಟಾಗಿ ಕಾಣಲಿಲ್ಲ. 19 ಜನರ ಲೆಕ್ಕವನ್ನು ನಂಬಿ ಕುಣಿಯಬಾರದು ಎಂದು ನನ್ನ ಪಿಜಿಗಳಿಗೆ ಈ ಕತೆ ಹೇಳುತ್ತೇನೆ. ಮೂಡುಬಿದಿರೆಯ ಒಬ್ಬರು ಅಜ್ಜಿಗೆ ಒಮ್ಮೆ ಗಮ್ ಕೊಟ್ಟು ನೋಡಿದೆವು. ಉಗುಳಿಬಿಟ್ಟರು. "ಈ ರಬ್ಬರ್ ಯಾಕೆ? ಎಲೆ-ಅಡಿಕೆ ಕೊಡಿ, ಗಾಳಿ ತಾನಾಗಿ ಹೋಗುತ್ತದೆ." ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ತೋಟದ ದುಡ್ಡಿನಲ್ಲಿ ಓದಿದವಳು ನಾನು. ಅಜ್ಜಿಗೆ ಬೇಡ ಎಂದೆ, ಆದರೆ ಧ್ವನಿ ಸ್ವಲ್ಪ ಸಣ್ಣದಿತ್ತು.

ಇದರಲ್ಲಿ ಇನ್ನೊಂದು ಉಂಟು. ಗಂಡಸು ಡಾಕ್ಟರ್ ಕೇಳಿದರೆ ನಮ್ಮ ಹೆಂಗಸರು ನಾಚಿಕೊಂಡು "ಇಲ್ಲ" ಎನ್ನುತ್ತಾರೆ. ಅದನ್ನೇ ವಾರ್ಡಿನ ಆಯಾ ಕೇಳಿದರೆ, "ನಿನ್ನೆ ರಾತ್ರಿಯೇ ಹೋಯಿತಲ್ಲ!" ಹಾಗಾದರೆ ಕೇಸ್ ಶೀಟಿನಲ್ಲಿ ಬರೆದ ಸಮಯ ಗಾಳಿ ಹೋದ ಸಮಯವಾ, ಡಾಕ್ಟರಿಗೆ ಹೇಳಲು ಧೈರ್ಯ ಬಂದ ಸಮಯವಾ? ಈ ಒಂದು ಅನುಮಾನದಿಂದ ಗಾಳಿ ಹೋಗುವ ಸಮಯದ ಮೇಲೆ ನಾನು ಮಾಡಿದ್ದ ಆರು ತಿಂಗಳ ಬರವಣಿಗೆ ಕಸದ ಬುಟ್ಟಿಗೆ ಹೋಯಿತು. ಮತ್ತೆ ಶುರುಮಾಡುವಾಗ ಸಮಯ ಬರೆಯುವ ಪುಸ್ತಕವನ್ನು ಆಯಾಳ ಕೈಗೇ ಕೊಟ್ಟೆ.

ಪ್ರಶ್ನೆ: 1978ರಲ್ಲಿ ನನಗೆ ಅಲ್ಸರ್ ಎಂದು ಹೊಟ್ಟೆ ಕೊಯ್ದರು. ಗಾಯದ ಗುರುತು ಈಗಲೂ ಒಂದು ಗೇಣು ಉಂಟು. ಮೊಮ್ಮಗನಿಗೆ ಅದೇ ಅಲ್ಸರ್, ಎರಡು ವಾರದ ಮಾತ್ರೆಯಲ್ಲಿ ಗುಣವಾಯಿತು. ನನ್ನನ್ನು ಯಾಕೆ ಕೊಯ್ದರು?
— ನಿವೃತ್ತ ಪೋಸ್ಟ್ ಮಾಸ್ಟರ್, ಕುಂದಾಪುರ

ಉತ್ತರ: ನಿಮ್ಮ ಸರ್ಜನ್ ತಪ್ಪು ಮಾಡಲಿಲ್ಲ. ಆಗ ಗೊತ್ತಿದ್ದದ್ದೇ ಅಷ್ಟು. ಆಸಿಡ್‌ನಿಂದ ಹುಣ್ಣು, ಆದ್ದರಿಂದ ಆಸಿಡ್ ಬರಿಸುವ ನರ ಕತ್ತರಿಸು, ಹೊಟ್ಟೆಗೂ ಸಣ್ಣ ಕರುಳಿಗೂ ಒಂದು ಅಡ್ಡದಾರಿ ಹೊಲಿ. ದಕ್ಷಿಣ ಭಾರತದಲ್ಲಿ ಈ ಹುಣ್ಣು ವಿಪರೀತ ಇತ್ತು. ನನ್ನ ಗುರುಗಳ ಕಾಲದ ಸರ್ಜನ್‌ಗಳ ಅನ್ನವೇ ಅದಾಗಿತ್ತು.

ಮೊದಲು ಆಸಿಡ್ ಕಡಿಮೆ ಮಾಡುವ ಮಾತ್ರೆಗಳು ಬಂದವು, ಆಪರೇಶನ್ ಕಡಿಮೆಯಾಯಿತು. ಆದರೆ ಮಾತ್ರೆ ಬಿಟ್ಟರೆ ಹುಣ್ಣು ಮತ್ತೆ ಹಾಜರ್. ಅಷ್ಟರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಎಂಬ ಪೆಥಾಲಜಿಸ್ಟ್ ಮೈಕ್ರೋಸ್ಕೋಪಿನಲ್ಲಿ ಹೊಟ್ಟೆಯ ತುಣುಕು ನೋಡುತ್ತಾ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. ಅಂತಹ ಆಸಿಡ್‌ನಲ್ಲಿ ಬ್ಯಾಕ್ಟೀರಿಯಾ ಬದುಕುವುದುಂಟಾ ಎಂದು ಎಲ್ಲರೂ ನಕ್ಕರು. ಬ್ಯಾರಿ ಮಾರ್ಷಲ್ ಎಂಬ ಕಿರಿಯ ಡಾಕ್ಟರ್ ಜೊತೆಗೂಡಿದರು. ಲ್ಯಾಬಿನಲ್ಲಿ ಬೆಳೆಸಲು ನೋಡಿದರೆ ಏನೂ ಬೆಳೆಯದು. ಎರಡು ದಿನಕ್ಕೆ ತಟ್ಟೆ ಬಿಸಾಡುವುದು ರೂಢಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆ ಹಾಗೇ ಉಳಿಯಿತು, ರಜೆ ಮುಗಿಸಿ ಬರುವಾಗ ಬ್ಯಾಕ್ಟೀರಿಯಾ ಬೆಳೆದು ಕೂತಿತ್ತು. ಆದರೂ ಜನ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಇದ್ದ ದ್ರವವನ್ನು ತಾನೇ ಕುಡಿದರು. ಕೆಲವು ದಿನಕ್ಕೆ ವಾಂತಿ, ಹೊಟ್ಟೆಯೊಳಗೆ ಉರಿಯೂತ. ಹುಣ್ಣಿಗೆ ಮುಖ್ಯ ಕಾರಣ ಆ ಬ್ಯಾಕ್ಟೀರಿಯಾವೇ ಎಂದು ಕೊನೆಗೆ ಜಗತ್ತು ಒಪ್ಪಿತು. ನಿಮ್ಮ ಮೊಮ್ಮಗನ ಎರಡು ವಾರದ ಮಾತ್ರೆ ಅದನ್ನು ಕೊಲ್ಲುವುದಕ್ಕೇ. ನೊಬೆಲ್ ಬಂದದ್ದು 2005ರಲ್ಲಿ.

ಇಬ್ಬರಲ್ಲಿ ಒಬ್ಬರೂ ಸರ್ಜನ್ ಅಲ್ಲ, ಗಮನಿಸಿ. ಇದನ್ನು ಹೇಳುವಾಗ ನನಗೆ ಸ್ವಲ್ಪ ಹೊಟ್ಟೆಯುರಿ. ನಮಗೆ ಕೈಯಲ್ಲಿ ಹುಣ್ಣು ಸಿಗುತ್ತಿತ್ತು, ದಿನಾ ಸಿಗುತ್ತಿತ್ತು, ಕತ್ತರಿಸಿ ಬಕೆಟಿಗೆ ಹಾಕುತ್ತಿದ್ದೆವು. ತೂತು ಬಿದ್ದ ಅಲ್ಸರ್‌ಗೆ ಈಗಲೂ ರಾತ್ರಿ ಎದ್ದು ಹೋಗಿ ಹೊಲಿಯುವವರು ನಾವೇ, ಅಷ್ಟು ಸಮಾಧಾನ.

ಪ್ರಶ್ನೆ: ನಾನು ಎಂಬಿಬಿಎಸ್ ಮೂರನೇ ವರ್ಷ. ಸಂಶೋಧನೆ ಎಲ್ಲಿಂದ ಶುರುಮಾಡಲಿ? ದುಡ್ಡು ಕೊಟ್ಟರೆ ಒಂದು ವಾರದಲ್ಲಿ ಪೇಪರ್ ಹಾಕುತ್ತೇವೆ ಎಂದು ಇಮೇಲ್ ಬರುತ್ತಿದೆ.
— ವಿದ್ಯಾರ್ಥಿನಿ, ದೇರಳಕಟ್ಟೆ

ಉತ್ತರ: ಆ ಇಮೇಲ್ ಡಿಲೀಟ್ ಮಾಡು. ನನಗೂ ದಿನಕ್ಕೆ ನಾಲ್ಕು ಬರುತ್ತವೆ. ಒಂದರಲ್ಲಿ ನನ್ನನ್ನು ಹಲ್ಲಿನ ತಜ್ಞೆ ಎಂದು ಹೊಗಳಿದ್ದರು.

ನಿನ್ನ ಹಾಗಿನವರಿಗಾಗಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್) 1979ರಲ್ಲೇ ಎರಡು ತಿಂಗಳ ವಿದ್ಯಾರ್ಥಿವೇತನ ಶುರುಮಾಡಿತ್ತು. ಒಬ್ಬ ಗೈಡ್ ಹಿಡಿದು ಅರ್ಜಿ ಹಾಕು. ವಿಷಯ ಸಣ್ಣದಿರಲಿ. ನನ್ನ ಎಂ.ಎಸ್. ಥೀಸಿಸ್ ಅಪೆಂಡಿಕ್ಸ್ ಮೇಲೆ. 1986ರಲ್ಲಿ ಅಲ್ವರಾಡೋ ಎಂಬವರು ಹೇಳಿದ 10 ಅಂಕದ ಲೆಕ್ಕ ಅದು. ಜ್ವರ, ವಾಂತಿ, ಬಿಳಿ ರಕ್ತಕಣ, ಹೊಟ್ಟೆಯ ಬಲಗಡೆ ಒತ್ತಿದರೆ ನೋವು, ಹೀಗೆ ಕೂಡಿಸಿ ಅಪೆಂಡಿಕ್ಸ್ ಹೌದಾ ಅಲ್ವಾ ಎಂದು ನೋಡುವುದು. ಸಿಟಿ ಸ್ಕ್ಯಾನ್ ಎಲ್ಲರಿಗೂ ಸಿಗದ ಕಾಲ. ರಾತ್ರಿ ಕ್ಯಾಶುವಾಲಿಟಿಯಲ್ಲಿ ಕೂತು ಒಬ್ಬೊಬ್ಬರನ್ನೂ "ನೋವು ಮೊದಲು ಎಲ್ಲಿ ಶುರುವಾಯಿತು?" ಎಂದು ಕೇಳುತ್ತಿದ್ದೆ. ಹೊಕ್ಕುಳದ ಮೇಲೆ ಅಂಗೈ ಇಟ್ಟು, ಆಮೇಲೆ ಒಂದೇ ಬೆರಳಲ್ಲಿ ಬಲಗಡೆ ಕೆಳಗೆ ತೋರಿಸಿದರೆ ನನ್ನ ಪೆನ್ನು ಒಂದು ಅಂಕ ಬರೆಯುತ್ತಿತ್ತು. ಅಂಗೈಯಿಂದ ಬೆರಳಿಗೆ ಬರುವ ಆ ಒಂದು ಚಲನೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಥೀಸಿಸ್‌ನಲ್ಲಿ ಹೊಸದೇನೂ ಇರಲಿಲ್ಲ. ಆದರೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದನ್ನು ಅಲ್ಲಿ ಕಲಿತೆ.

ಒಂದು ಎಚ್ಚರಿಕೆ. ಪೇಪರಿನಲ್ಲಿ ಯಾರ ಹೆಸರು ಎಷ್ಟನೆಯದು ಎಂದು ಕೆಲಸ ಶುರುಮಾಡುವ ಮೊದಲೇ ಮಾತಾಡಿಕೊ. ನನ್ನ ಮೊದಲ ಪೇಪರ್ ಅಚ್ಚಾಗಿ ಬಂದಾಗ ನನ್ನ ಹೆಸರು ನಾಲ್ಕನೆಯದಾಗಿತ್ತು. ಒಂದನೆಯವರು ಒಬ್ಬ ರೋಗಿಯನ್ನೂ ನೋಡಿದವರಲ್ಲ. ಎಲ್ಲಿ, ಯಾರು ಎಂದು ಕೇಳಬೇಡ, ಹಳೆಯ ಕತೆ. ಅವತ್ತು ಬಸ್ಸಿನಲ್ಲಿ ಮನೆವರೆಗೂ ಅತ್ತೆ.

ಪ್ರಶ್ನೆ: ಸಂಶೋಧನೆಯಿಂದ ನಿಮಗೆ ಎಷ್ಟು ದುಡ್ಡು ಬರುತ್ತದೆ?
— ಕುತೂಹಲಿ, ಸುರತ್ಕಲ್

ಉತ್ತರ: ಬರುವುದಿಲ್ಲ, ಹೋಗುತ್ತದೆ.

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಕುಡಿತ ಇಲ್ಲ. ಆದರೂ ಪ್ಯಾಂಕ್ರಿಯಾಸ್‌ನಲ್ಲಿ ಕಲ್ಲು, ಜೊತೆಗೆ ಶುಗರ್. ಮರಗೆಣಸು ತಿಂದು ಬಂತು ಎಂದು ಊರಿನವರು ಹೇಳುತ್ತಾರೆ. ಹೌದಾ?
— ಅಕ್ಕ, ಸುಳ್ಯ

ಉತ್ತರ: ಇದು ನಮ್ಮ ಕಡೆಯದೇ ಕಾಯಿಲೆ ಎನ್ನಬಹುದು. ಕೇರಳದಲ್ಲಿ ಜಾಸ್ತಿ, ನಮ್ಮ ಕರಾವಳಿಯಲ್ಲೂ ಉಂಟು. ಕೇರಳದ ಡಾಕ್ಟರ್ ಗೀವರ್ಗೀಸ್ ಇಂತಹ ರೋಗಿಗಳನ್ನು ವರ್ಷಗಟ್ಟಲೆ ನೋಡಿ, ಬರೆದಿಟ್ಟು, ಇದು ಕುಡಿತದ ಕಾಯಿಲೆ ಅಲ್ಲ, ಬೇರೆಯೇ ಎಂದು ಜಗತ್ತಿಗೆ ತೋರಿಸಿದರು. ಮರಗೆಣಸಿನ ಅನುಮಾನ ಬಂದದ್ದು, ಅದನ್ನು ತಿನ್ನುವ ಬಡ ಊರುಗಳಲ್ಲೇ ಕಾಯಿಲೆ ಹೆಚ್ಚು ಕಂಡದ್ದರಿಂದ. ಆದರೆ ಮರಗೆಣಸು ಮುಟ್ಟದವರಿಗೂ ಬರುತ್ತದೆ, ದಿನಾ ತಿನ್ನುವ ಎಷ್ಟೋ ಜನರಿಗೆ ಬರುವುದಿಲ್ಲ. 2000ದ ನಂತರ ಸ್ಪಿಂಕ್-1 ಎಂಬ ಜೀನ್‌ನ ದೋಷ ಹಲವು ರೋಗಿಗಳಲ್ಲಿ ಸಿಕ್ಕಿತು. ಹಾಗಾಗಿ ತಮ್ಮನ ಊಟದ ತಟ್ಟೆಯನ್ನು ದೂರಬೇಡಿ, ಅಮ್ಮನನ್ನಂತೂ ಬೇಡವೇ ಬೇಡ.

ನೋವು ತಡೆಯಲಾಗದಷ್ಟಿದ್ದು ನಾಳ ಹಿಗ್ಗಿದ್ದರೆ, ಪ್ಯಾಂಕ್ರಿಯಾಸ್‌ನ ನಾಳವನ್ನು ಉದ್ದಕ್ಕೆ ತೆರೆದು ಕಲ್ಲು ತೆಗೆದು ಕರುಳಿಗೆ ಜೋಡಿಸುವ ಆಪರೇಶನ್ ಉಂಟು. ಕಲ್ಲು ಬಟ್ಟಲಿಗೆ ಬೀಳುವಾಗ ಟಿಣ್ ಎಂದು ಸದ್ದಾಗುತ್ತದೆ, ಹವಳದ ಹಾಗೆ ಬಿಳಿ. ನೋವಿಗೆ ಇದು ಒಳ್ಳೆಯದು. ಶುಗರ್ ಮಾತ್ರ ಹೋಗುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ನಡೆಯಬೇಕು. ಸಿಗರೇಟು ಇದ್ದರೆ ಇವತ್ತೇ ಬಿಡಿಸಿ.

ಪ್ರಶ್ನೆ: ನಿಮ್ಮ ಸಂಶೋಧನೆಯಲ್ಲಿ ಸೋತದ್ದು ಉಂಟಾ? ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ.
— ಓದುಗ, ಮಲ್ಪೆ

ಉತ್ತರ: ಪೇಪರ್ ವಾಪಸ್ ಬಂದದ್ದನ್ನೆಲ್ಲ ಸೋಲು ಎಂದರೆ ಲೆಕ್ಕ ಸಿಗದು. ಪಿತ್ತಕೋಶವನ್ನು ಕ್ಯಾಮರಾ ಹಾಕಿ ಸಣ್ಣ ತೂತಿನಲ್ಲಿ ಮೊದಲು ತೆಗೆದ ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಅದನ್ನು ಮಾಡಿ, ಮರುವರ್ಷ ತಮ್ಮ ದೇಶದ ಸರ್ಜನ್‌ಗಳ ಸಭೆಯಲ್ಲಿ ಹೇಳಿದರೆ ಯಾರೂ ಬೆಲೆ ಕೊಡಲಿಲ್ಲ. ಅದೇ ಸಂಘ 1992ರಲ್ಲಿ ಕರೆದು ಪ್ರಶಸ್ತಿ ಕೊಟ್ಟಿತು. ಅಂತಹವರಿಗೇ ಹಾಗಾದ ಮೇಲೆ ನಮ್ಮದೇನು?

ನನ್ನ ನಿಜವಾದ ಸೋಲು ಬೇರೆ. ಕೆಲವು ವರ್ಷದ ಹಿಂದೆ ಕರುಳಿನ ಆಪರೇಶನ್ ಆದವರಲ್ಲಿ ಹೊಲಿಗೆ ಜಾಗ ಬಿಟ್ಟುಕೊಂಡು ಹರ್ನಿಯಾ ಆಗುವುದನ್ನು ಎಣಿಸುತ್ತಿದ್ದೆ. ವರ್ಷ ಕಳೆದು ಬಂದವರಲ್ಲಿ ಒಬ್ಬರಿಗೂ ಇಲ್ಲ! ನನ್ನ ಹೊಲಿಗೆಯ ಮೇಲೆ ನನಗೇ ಹೆಮ್ಮೆ. ಬಾರದವರು ಆರಾಮ ಇದ್ದಾರೆ, ಅದಕ್ಕೇ ಬಂದಿಲ್ಲ ಎಂದುಕೊಂಡೆ. ಪೇಪರಿನಲ್ಲಿ ಸೊನ್ನೆ ಬರೆದೂ ಆಗಿತ್ತು. ಯಾಕೋ ಕಳಿಸುವ ಮೊದಲು ಬಾರದವರಿಗೂ ಫೋನ್ ಮಾಡೋಣ ಎನ್ನಿಸಿತು. ಆಟಿ ತಿಂಗಳು, ಜೋರು ಮಳೆ, ಅರ್ಧದಷ್ಟು ನಂಬರ್ ಸಿಗುತ್ತಿರಲಿಲ್ಲ. ಬೆಳ್ತಂಗಡಿ ಕಡೆಯ ಒಬ್ಬ ಹಿರಿಯರು ಸಿಕ್ಕಿದರು. ಗದ್ದೆಯಿಂದ ಬಂದು ಗಂಜಿ ಊಟಕ್ಕೆ ಕೂತಿದ್ದರಂತೆ.

"ಆರಾಮ ಮೇಡಂ, ಏನೂ ತೊಂದರೆ ಇಲ್ಲ" ಎಂದರು. ಹೊಲಿಗೆ ಜಾಗದಲ್ಲಿ ಉಬ್ಬು ಉಂಟಾ ಎಂದು ಕೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. "ಉಂಟು. ಬೇರೆ ಆಸ್ಪತ್ರೆಯಲ್ಲಿ ತೋರಿಸಿದೆ. ಹರ್ನಿಯಾ ಅಂದರು."

"ನನಗೆ ಯಾಕೆ ಹೇಳಲಿಲ್ಲ?"

"ಅಷ್ಟು ಚೆಂದ ನೋಡಿಕೊಂಡಿದ್ರಿ. ನಿಮ್ಮ ಆಪರೇಶನ್ ಹಾಳಾಯಿತು ಅಂತ ನಿಮ್ಮ ಮುಖಕ್ಕೆ ಹೇಳುವುದು ಹೇಗೆ ಅಂತ ಬರಲಿಲ್ಲ."

ಅವರ ನಂತರ ಇನ್ನೂ ಇಬ್ಬರು ಅದೇ ಮಾತು ಹೇಳಿದರು. ಸೊನ್ನೆ ಹೊಡೆದುಹಾಕಿದೆ. ಪೇಪರ್ ಹೋಗಬೇಕಾದ ಕಡೆ ಹೋಗಲಿಲ್ಲ, ಸಣ್ಣ ಪತ್ರಿಕೆಯೊಂದರಲ್ಲಿ ಬಂತು. ಹಿರಿಯರ ಹರ್ನಿಯಾವನ್ನು ಆಮೇಲೆ ನಾನೇ ಸರಿಮಾಡಿದೆ. ಡಿಸ್ಚಾರ್ಜ್ ದಿನ ಅವರು ಕೇಳಿದರು, "ನನ್ನ ವಿಷಯ ಪುಸ್ತಕದಲ್ಲಿ ಬರೆದಿರಂತೆ ಮೇಡಂ, ಹೆಸರು ಹಾಕಿದ್ದೀರಾ?"

"ಹೆಸರು ಹಾಕುವ ಹಾಗಿಲ್ಲ. ನೀವು ಅದರಲ್ಲಿ 43ನೇ ನಂಬರ್."

"ಹೋ" ಎಂದರು. "ರೇಶನ್ ಅಂಗಡಿಯಲ್ಲೂ ನಂಬರ್, ಇಲ್ಲಿಯೂ ನಂಬರ್."